ನಿಂತ ಕಾರು ನಿಂಬರ್ಗಾ ದಾಟಿದ್ದು

ನಮ್ಮ ಎದುರು ಮನೆಯ ಬುರಾನುದ್ದೀನ ಸಾಹೇಬರು ಕಾರು ಕೊಂಡದ್ದು ತೊಗರಿ ಕೊಳ್ಳುವ ರೀತಿಯಲ್ಲಿ.

ಆಳಂದದ ಮಾರ್ಕೆಟ್ ಯಾರ್ಡಿನಲ್ಲಿ ತೊಗರಿ ಚೀಲಗಳ ನಡುವೆ ಅವರ ಅರ್ಧ ಆಯುಷ್ಯ ಕಳೆದಿದೆ. ಚೀಲಕ್ಕೆ ಕೈ ಹಾಕಿ ಒಂದು ಹಿಡಿ ತೆಗೆದು, ಅಂಗೈಯಲ್ಲಿ ಉರುಳಿಸಿ, ಒಂದು ಕಾಳನ್ನು ಹಲ್ಲಿನಡಿ ಕಡಿದು "ಹಸಿ ಅದ" ಎಂದೋ "ಒಣಗ್ಯಾದ" ಎಂದೋ ಹೇಳುವುದರಲ್ಲಿ ಅವರನ್ನು ಮೀರಿಸಿದವರಿಲ್ಲ. ಕಲಬುರಗಿಯಲ್ಲಿ ಆ ಬಿಳಿಯ ಸೆಕೆಂಡ್ ಹ್ಯಾಂಡ್ ಕಾರಿನ ಮುಂದೆ ನಿಂತಾಗಲೂ ಬಾನೆಟ್ಟಿನ ಮೇಲೆ ಅಂಗೈ ಸವರಿ, ಸೀಟು ಹಿಂಡಿ, ಟೈರಿಗೆ ಉಗುರು ಒತ್ತಿ "ಮಾಲು ಚಲೋ ಅದ" ಎಂದರಂತೆ. ಕಡಿದು ನೋಡುವುದೊಂದು ಬಾಕಿ ಇತ್ತು. ಮಾರಿದವನು, ಕೀಲಿ ತಿರುಗಿಸುವ ಗಾಡಿ ಇದಲ್ಲ, ಎಡಗಾಲಿನ ಕ್ಲಚ್ ಪೂರ್ತಿ ಒತ್ತಿ ಹಿಡಿದು ಗುಂಡಿ ಅದುಮಿದರೆ ಮಾತ್ರ ಚಾಲೂ ಆಗುತ್ತದೆ ಎಂದು ವಿವರವಾಗಿ ಹೇಳಿಕೊಟ್ಟ. ಸಾಹೇಬರು ತಲೆಯಾಡಿಸಿದರು. ಅದೂ ಯಾರ್ಡಿನ ಅಭ್ಯಾಸವೇ. ಅಲ್ಲಿ ತಲೆಯಾಡಿಸುವುದಕ್ಕೂ ಕೇಳಿಸಿಕೊಳ್ಳುವುದಕ್ಕೂ ಸಂಬಂಧವಿಲ್ಲ.

ಕಾರು ಬಂದ ಮೇಲೆ ಅದರ ಕಾನೂನುಗಳೂ ಬಂದವು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಕೂರಬೇಕು. ಬಾಗಿಲನ್ನು ಮಗುವಿನ ಕೆನ್ನೆ ಮುಟ್ಟಿದ ಹಾಗೆ ಮುಚ್ಚಬೇಕು. ಮುಖ್ಯವಾದದ್ದೆಂದರೆ, ಚಾಲಕನ ಸೀಟಿನಲ್ಲಿ ಸಾಹೇಬರ ಹೊರತು ಬೇರೆ ಯಾರೂ ಕೂರುವಂತಿಲ್ಲ. "ಗಾಡಿಗೆ ಒಬ್ಬರ ಕೈ ಇರಬೇಕ್ರಿ ಅಕ್ಕೋರ" ಎಂದು ನನಗೆ ಹೇಳಿದ್ದರು. ನಾನು ಶಾಲೆಯ ಶಿಕ್ಷಕಿ. ಒಬ್ಬರದೇ ಕೈ ಇರಬೇಕು ಎನ್ನುವವರನ್ನು ಸ್ಟಾಫ್ ರೂಮಿನಲ್ಲಿ ಬೇಕಾದಷ್ಟು ಕಂಡಿದ್ದೇನೆ.

ಕಾರಿನ ನಿಜವಾದ ಪರೀಕ್ಷೆ ಭಾನುವಾರಕ್ಕೆ ಇತ್ತು. ಅವರ ಮಗ ಜುಬೇರನ ಹೆಂಡತಿ ಗುಲನಾಜ ಭೀಮೆಯ ದಂಡೆಯ ಮಣ್ಣೂರಿನ ತವರಿನಲ್ಲಿ ಹೆತ್ತು ನಲವತ್ತು ದಿನ ತುಂಬಿತ್ತು. ಅಂದು ಮೊಮ್ಮಗನನ್ನು ತೊಟ್ಟಿಲಿಗೆ ಹಾಕುವ ಕಾರ್ಯ. ಮದುವೆಯಲ್ಲಿ ಮಣ್ಣೂರಿನ ಬೀಗರು ಸ್ವಂತ ಕಾರಿನಲ್ಲಿ ಬಂದಿಳಿದಿದ್ದರು. ಇವರು ಬಾಡಿಗೆ ಜೀಪಿನಲ್ಲಿ, ಅದೂ ಒಬ್ಬರ ತೊಡೆಯ ಮೇಲೊಬ್ಬರು ಕೂತು, ಹೋಗಿದ್ದರು. ಆ ಜೀಪು ಸಾಹೇಬರ ಮನಸ್ಸಿನಿಂದ ಇನ್ನೂ ಇಳಿದಿರಲಿಲ್ಲ.

ಅವರ ಹೆಂಡತಿ ಖಾಸೀಂಬಿಗೆ ಕಾರಿನ ಚಿಂತೆ ಇರಲಿಲ್ಲ. ಅವಳ ಚಿಂತೆಯೆಲ್ಲ ಕೌದಿಯದು. ತೊಟ್ಟಿಲಿನಲ್ಲಿ ಕೂಸು ಮೊದಲು ಮಲಗುವುದು ತಂದೆಯ ತಾಯಿ ಹೊಲಿದ ಕೌದಿಯ ಮೇಲೆ. ಅದು ಅವರ ಮನೆಯ ಪದ್ಧತಿ, ನಮ್ಮ ಮನೆಯದೂ ಹೌದು. ಸೊಸೆ ಬಸುರಿ ಎಂದು ತಿಳಿದ ದಿನದಿಂದ ಅವಳು ಮಧ್ಯಾಹ್ನ ನಮ್ಮ ಕಟ್ಟೆಗೆ ಬಂದು ಕೂತು ಹೊಲಿಯುತ್ತಿದ್ದಳು. ಹಸಿರು ಚೌಕ ಅವಳ ತಾಯಿಯ ಸೀರೆಯದು. ಖಾಕಿ ಬಣ್ಣದ್ದು ಜುಬೇರನ ಶಾಲೆಯ ಚಡ್ಡಿಯದು. ನೀಲಿ, ಗುಲನಾಜಳ ಕಾಲೇಜಿನ ದುಪಟ್ಟಾದ್ದು. ನಡುವಿನ ಹಳದಿ ನನ್ನ ಇಳಕಲ್ಲಿನ ಹಳೆಯ ಸೀರೆಯ ತುಂಡು. "ಅಕ್ಕಾ, ನಿಂದೂ ಒಂದ ಇರಲಿ" ಎಂದು ಕೇಳಿ ಇಸಕೊಂಡಿದ್ದಳು. ನಾಲ್ಕು ಮೂಲೆಗೂ ಅವಳ ಮದುವೆಯ ಕೆಂಪು ಸೀರೆಯ ತ್ರಿಕೋನ. ಒಂದು ತುಣುಕು ಹೊಲಿಯಲು ಅವಳಿಗೆ ಒಂದು ಮಧ್ಯಾಹ್ನ ಬೇಕಾಗುತ್ತಿತ್ತು. ಹೊಲಿಗೆಗೆ ಅಷ್ಟು ಹೊತ್ತು ಬೇಡ. ಆ ತುಣುಕಿನ ಕಥೆ ಮುಗಿಯುವವರೆಗೆ ಅವಳು ದಾರ ಕಡಿಯುತ್ತಿರಲಿಲ್ಲ.

ಗಂಡನದೊಂದು ತುಣುಕು ಮಾತ್ರ ಇರಲಿಲ್ಲ. ಹಳೆಯ ಲುಂಗಿ ಕೊಡಿರಿ ಎಂದು ಕೇಳಿದಾಗಲೆಲ್ಲ ಸಾಹೇಬರು "ಹರೀಲಿ ತಡಿ, ಕೊಡ್ತೇನಿ" ಎನ್ನುತ್ತಿದ್ದರು. ಲುಂಗಿ ಹರಿಯಲಿಲ್ಲ. ಕೌದಿ ಮುಗಿಯಿತು.

ಶನಿವಾರ ರಾತ್ರಿ ಮಳೆ ಬಿತ್ತು. ನಮ್ಮ ಎರೆಮಣ್ಣು ಒಮ್ಮೆ ನೆನೆದರೆ ಹೆಜ್ಜೆಗೆ ಒಂದು ಮುದ್ದೆಯಂತೆ ಕಾಲಿಗೆ ಅಂಟಿಕೊಂಡು ಜೊತೆಗೇ ಬರುತ್ತದೆ. ಮಣ್ಣೂರಿಗೆ ನನಗೂ ಕರೆಯಿತ್ತು. ಭಾನುವಾರ ಬೆಳಿಗ್ಗೆ ನಾನು ತಯಾರಾಗಿ ಅವರ ಮನೆಗೆ ಹೋಗುವಾಗ ಸಾಹೇಬರು ಇಸ್ತ್ರಿ ಮಾಡಿದ ಬಿಳಿ ಕುರ್ತಾ ತೊಟ್ಟು, ಕಾಲು ತೊಳೆದು, ಚಾಲಕನ ಸೀಟಿನಲ್ಲಿ ವಿರಾಜಮಾನರಾಗಿದ್ದರು. ಒಳಗೆ ಖಾಸೀಂಬಿ ಟ್ರಂಕಿನ ಮುಂದೆ ಕೂತಿದ್ದಳು. ಸುತ್ತಲೂ ಬಟ್ಟೆಗಳ ಗುಡ್ಡೆ.

"ಯಕ್ಕಾ, ಕೌದಿ ಇಲ್ಲ."

"ಎಲ್ಲಿ ಇಟ್ಟಿದ್ದಿ?"

"ಮ್ಯಾಲೇ ಇಟ್ಟಿದ್ದೆ. ರಾತ್ರಿ ಕೈಯಾರೆ ಮಡಚಿ ಇಟ್ಟೇನಿ."

ಹಾಸಿಗೆ, ಕಪಾಟು, ಅಡುಗೆಮನೆಯ ಗೂಡು, ಎಲ್ಲ ಹುಡುಕಿದೆವು. ಹೊರಗೆ ಅದೇ ಹೊತ್ತಿಗೆ "ಟಿಕ್" ಎಂದು ಸಣ್ಣ ಸದ್ದಾಯಿತು. ಮತ್ತೆ "ಟಿಕ್". ಆಮೇಲೆ ಸಾಹೇಬರ ದನಿ: "ಅರೇ!"

ಗುಂಡಿ ಅದುಮಿದರೆ ದೀಪ ಹತ್ತುತ್ತಿತ್ತು, ಹಾರ್ನ್ ಹೊಡೆಯುತ್ತಿತ್ತು, ಇಂಜಿನ್ ಮಾತ್ರ ಉಸಿರೆತ್ತಲಿಲ್ಲ. ಸ್ಟೇರಿಂಗಿನ ಹಿಂದಿನ ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಸಾಲು ಬರುತ್ತಿತ್ತು. ನಾನು ಕಿಟಕಿಯಿಂದ ಬಗ್ಗಿ ಓದಿದೆ.

"ಕ್ಲಚ್ ಒತ್ತಿರಿ ಅಂತ ಬರದದ್ರಿ."

"ಒತ್ತೇನಲ್ರಿ ಅಕ್ಕೋರ! ಮುಂಜಾನಿಂದ ಒತ್ಕೊಂಡ ಕುಂತೇನಿ. ಇದಕ್ಕಿಂತ ಮುಂದ ಹೋಗಂಗಿಲ್ಲ ಅದು. ಗಾಡಿ ಸುಳ್ಳ ಹೇಳಾಕತ್ತದ."

ಒಂದು ಕಡೆ ಕಾರು, ಇನ್ನೊಂದು ಕಡೆ ಗಂಡಸು. ಕಾರನ್ನು ನಂಬುವುದು ನಮ್ಮ ಓಣಿಯಲ್ಲಿ ಯಾರಿಗೂ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ.

ಮೊದಲು ಬಂದವರು ದೇವೀಂದ್ರಪ್ಪ ಕಾಕಾ. ಸರ್ಕಾರಿ ಬಸ್ಸು ನಡೆಸಿ ನಿವೃತ್ತರಾದವರು. ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಹಿಂದೆ ಕೈ ಕಟ್ಟಿ ನಿಂತು, "ಡೀಜಲ್‍ನ್ಯಾಗ ಗಾಳಿ ಹೊಕ್ಕದ" ಎಂದರು.

"ಇದು ಪೆಟ್ರೋಲಿಂದ ಅದ ಕಾಕಾ."

"ಪೆಟ್ರೋಲಿಗೆ ಗಾಳಿ ಹೊಗಬಾರದಂತ ಕಾಯ್ದೆ ಅದ ಏನು?"

ಎರಡನೆಯವಳು ಗಂಗುಬಾಯಿ. ಅವಳಿಗೆ ಇಂಜಿನ್ನಿನ ಅಗತ್ಯವೇ ಬೀಳಲಿಲ್ಲ. "ನೆದರ ಆಗ್ಯಾದ ನೋಡ್ರಿ. ಬಿಳೇ ಗಾಡಿ, ಬಿಳೇ ಅಂಗಿ, ಯಾರ ಕಣ್ಣ ಬೀಳಂಗಿಲ್ಲ?" ಎಂದು ಉಪ್ಪು, ಒಣ ಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದು ಕಾರಿಗೆ ನಿವಾಳಿಸಿ ಕೆಂಡಕ್ಕೆ ಹಾಕಿದಳು. ದೃಷ್ಟಿಯಾಗಿದ್ದರೆ ಮೆಣಸಿನಕಾಯಿಯ ಘಾಟು ಬರುವುದಿಲ್ಲ ಎಂಬುದು ಶಾಸ್ತ್ರ. ಓಣಿಯೆಲ್ಲ ಕೆಮ್ಮಿತು. ಕಾಕಾರ ಕಣ್ಣಲ್ಲಿ ನೀರು ಇಳಿಯಿತು. ಗಂಗುಬಾಯಿ ತಾನೂ ಸೆರಗಿನಿಂದ ಮೂಗು ಮುಚ್ಚಿಕೊಂಡೇ "ನೋಡಿದ್ರೇನು, ಸ್ವಲ್ಪರೆ ಘಾಟ ಬಂತೇನು?" ಎಂದಳು.

ಅಷ್ಟರಲ್ಲಿ ಸಾಹೇಬರ ಫೋನ್ ರಿಂಗಾಯಿತು. ಜುಬೇರ. ಅವನು ಜೇವರ್ಗಿಯಲ್ಲಿ ಔಷಧಿ ಅಂಗಡಿ ಇಟ್ಟಿದ್ದ, ಅಲ್ಲಿಂದ ಬಸ್ಸಿನಲ್ಲಿ ಮಣ್ಣೂರಿಗೆ ಹೊರಟಿದ್ದ.

"ಅಬ್ಬಾ, ಹೊಂಟೀರೇನು? ಮಾವ ಕೇಳಾಕತ್ತಾರ."

ಮಾವ, ಎಂದರೆ ಬೀಗರು. ಆ ಒಂದು ಶಬ್ದ ಕಿವಿಗೆ ಬಿದ್ದದ್ದೇ ಸಾಹೇಬರ ಬೆನ್ನು ನೆಟ್ಟಗಾಯಿತು.

"ಹೊಂಟೇವಿ ಅಂದ್ರ! ಗಾಡಿ ಓಡಾಕತ್ತದ ಬೇಟಾ, ಮಾತಾಡಾಕ ಬರಂಗಿಲ್ಲ," ಎಂದು ಫೋನ್ ಇಟ್ಟರು. ಮಾತಿಗೆ ತೂಕ ಬರಲಿ ಎಂದು ಒಂದು ಸಲ ಹಾರ್ನ್ ಕೂಡ ಹೊಡೆದರು. ಕಾರಿನ ಮುಂದೆ ಮಲಗಿದ್ದ ನಾಯಿ ಕಣ್ಣು ತೆರೆದು ನೋಡಿ, ಏಳುವ ಕಾರಣ ಕಾಣದೆ ಮತ್ತೆ ಮಲಗಿತು.

ಮೆಕ್ಯಾನಿಕ್ ಶಾಹಿದ ಬಂದ. ಬಾನೆಟ್ ಎತ್ತಿ ತಲೆ ಒಳಗೆ ಹಾಕಿದ.

"ಬ್ಯಾಟರಿ ಕೂತದ್ರಿ ಚಾಚಾ."

"ಹಾರ್ನ್ ಓಣಿ ಎಬ್ಬಸಾಕತ್ತದ, ಬ್ಯಾಟರಿ ಹ್ಯಾಂಗ ಕೂಡತದಲೇ?" ಎಂದರು ದೇವೀಂದ್ರಪ್ಪ ಕಾಕಾ.

"ಒದರಾಕ ತಾಕತ್ತ ಅದ ಕಾಕಾ, ದುಡ್ಯಾಕ ಇಲ್ಲ."

"ಅಂದ್ರ ಮನಶ್ಯಾರಂಗ," ಎಂದಳು ಗಂಗುಬಾಯಿ.

ಶಾಹಿದ ತನ್ನ ಗಾಡಿಯ ಬ್ಯಾಟರಿಗೆ ವೈರು ಜೋಡಿಸಿದ. ಟಿಕ್. ಬ್ಯಾಟರಿಯ ತುದಿ ಉಜ್ಜಿದ. ಟಿಕ್. ಫ್ಯೂಸು ಬದಲಿಸಿದ. ಟಿಕ್. ಪರದೆ ಅದೇ ಸಾಲನ್ನು ತೋರಿಸುತ್ತಲೇ ಇತ್ತು. ಗದ್ದಲದ ತರಗತಿಯಲ್ಲಿ ಒಬ್ಬನೇ ಹುಡುಗ ಸರಿ ಉತ್ತರ ಹೇಳುತ್ತಾ ಕೈ ಎತ್ತಿ ನಿಂತ ಹಾಗೆ.

ಫೋನ್ ಮತ್ತೆ ರಿಂಗಾಯಿತು. ಈ ಸಲ ಸಾಹೇಬರು ಬಾನೆಟ್ಟಿನ ಕಡೆ ನೋಡಿದರು, ಆಕಾಶ ನೋಡಿದರು, ಗಂಟಲು ಸರಿಮಾಡಿಕೊಂಡರು.

"ನಿಂಬರ್ಗಾ ದಾಟೇವಿ," ಎಂದರು.

ಒಂದು ಅಡಿ ಕದಲದ ಕಾರು ಮಣ್ಣೂರಿನ ದಾರಿಯ ನಿಂಬರ್ಗಾ ಊರನ್ನೇ ದಾಟಿದ್ದನ್ನು ನಾವೆಲ್ಲ ಕಣ್ಣಾರೆ ಕಂಡೆವು. ಶಾಹಿದ ವೈರು ಹಿಡಿದುಕೊಂಡೇ ನಿಂತ. ದೇವೀಂದ್ರಪ್ಪ ಕಾಕಾ ಮಾತ್ರ ಅನುಭವಸ್ಥರು. "ಭಾಳ ಜೋರ ಹೊಡದ್ರಿ. ಆ ದಾರಿಗೆ ಕುಣಿ ಭಾಳ ಅವ, ಸಾವಕಾಶ ಹೋಗ್ರಿ," ಎಂದರು.

ಆಗ ಖಾಸೀಂಬಿ ಹೊರಗೆ ಬಂದಳು. ಒಳ್ಳೆಯ ಸೀರೆ ಉಟ್ಟಿದ್ದಳು, ಆದರೆ ತಲೆ ಕೆದರಿತ್ತು, ಕಣ್ಣು ಕೆಂಪಾಗಿತ್ತು. ಅವಳು ಕಾರಿನ ಕಡೆ ನೋಡಲೂ ಇಲ್ಲ.

"ಕೌದಿ ಸಿಗಲಿಲ್ಲ. ನಾ ಬರಂಗಿಲ್ಲ."

"ಅರೇ, ಒಂದ ಕೌದಿ ಸಲುವಾಗಿ…" ಎಂದರು ಸಾಹೇಬರು.

"ಒಂದ ಕೌದಿ? ನನ್ನ ಅಮ್ಮಾನ ಹಸರ ಸೀರಿ ಅದು. ಜುಬೇರನ ಸಾಲಿ ಚಡ್ಡಿ ಅದು. ನನ್ನ ಲಗ್ನದ ಕೆಂಪ ಸೀರಿ ನಾಕೂ ಮೂಲಿಗೆ ಹಚ್ಚೇನಿ. ಖಾಲಿ ಕೈಲೆ ಹೋಗಿ ಕೂಸಿನ್ನ ಏನಂತ ಎತ್ಕೊಳ್ಳಲಿ?"

ಇಲ್ಲಿ ಒಂದು ಸಂಗತಿ ಹೇಳಿಬಿಡಬೇಕು. ನಮಗೆ ಇದು ತಿಳಿದದ್ದು ಆಮೇಲೆ. ಓದುವವರನ್ನು ಕಾಯಿಸುವುದು ಸರಿಯಲ್ಲ. ಬೆಳಗಿನ ಜಾವ ಸಾಹೇಬರಿಗೆ ಓಣಿಯ ಕೆಸರು ಕಂಡು ಕಾರಿನ ಚಿಂತೆ ಹತ್ತಿತ್ತು. ಕಾರಿನ ನೆಲ ಏನಾದೀತು? ಎಲ್ಲರೂ ಮಲಗಿದ್ದರು. ಅವರು ಟ್ರಂಕು ತೆಗೆದರು. ಎಲ್ಲಕ್ಕಿಂತ ಮೇಲೆ ತುಂಡು ತುಂಡು ಹಳೇ ಬಟ್ಟೆಯದೊಂದು ಇತ್ತು. ಹೊಸದನ್ನು ಯಾರು ಕೆಡಿಸುತ್ತಾರೆ, ಇದೇ ಸರಿ ಎಂದು ಅದನ್ನು ಒಯ್ದು ನಾಲ್ಕು ಮಡಿಕೆ ಮಾಡಿ ಚಾಲಕನ ಕಾಲ ಬುಡದಲ್ಲಿ ಹಾಸಿದರು. ಹಾಸಿದ ಮೇಲೆ ಇದೂ ಕೊಳೆಯಾಗಬಾರದಲ್ಲ ಎಂದು ರಬ್ಬರಿನ ಮ್ಯಾಟನ್ನು ಅದರ ಮೇಲೆ ಇಟ್ಟರು. ಮ್ಯಾಟು ಕೊಳೆಯಾಗಬಾರದೆಂದು ತಾವು ಕಾಲು ತೊಳೆದರು. ಇಷ್ಟು ಅಚ್ಚುಕಟ್ಟಾಗಿ ಯೋಚಿಸಿದ ಮನುಷ್ಯ ಆ ತುಂಡುಗಳು ಯಾರವು ಎಂದು ಮಾತ್ರ ನೋಡಿರಲಿಲ್ಲ.

ಹಸಿರು, ಖಾಕಿ, ಕೆಂಪು ಎಂದು ಖಾಸೀಂಬಿ ಒಂದೊಂದೇ ಬಣ್ಣ ಹೇಳುತ್ತಿದ್ದಂತೆ ಸಾಹೇಬರ ಮುಖದಿಂದ ಒಂದೊಂದೇ ಬಣ್ಣ ಇಳಿಯಿತು. ಅಲ್ಲಿಂದ ಮುಂದೆ ಅವರು ಸೀಟು ಬಿಟ್ಟು ಏಳಲಿಲ್ಲ.

"ಚಾಚಾ, ಸ್ವಲ್ಪ ಇಳೀರಿ, ನಾ ಒಂದ ಸಲ ಕುಂತು ನೋಡ್ತೇನಿ," ಎಂದ ಶಾಹಿದ.

"ಇಲ್ಲ."

"ಚಹಾ ಕುಡೀಲಿಕ್ಕಾರ ಇಳೀರಿ," ಎಂದರು ಕಾಕಾ.

"ಇಲ್ಲೇ ಕೊಡ್ರಿ."

"ಮಳಿ ಬರೂ ಹಂಗ ಅದ, ಒಳಗ ನಡೀರಿ," ಎಂದೆ ನಾನು.

"ಗಾಡಿ ಕೈ ಬಿಟ್ಟು ನಾ ಎಲ್ಲಿಗೂ ಬರಂಗಿಲ್ಲ!"

"ಎಂಥಾ ಮನಶ್ಯಾರೀ," ಎಂದಳು ಗಂಗುಬಾಯಿ, ಮನಸ್ಸು ಕರಗಿ. "ಮಾಲಕ ಅಂದ್ರ ಹಿಂಗಿರಬೇಕು. ನಮ್ಮ ಮನ್ಯಾಗಿನವರು ಎಮ್ಮಿ ಈಯುವಾಗ ಸೈತ ಹಿಂಗ ಕುಂತಿಲ್ಲ."

ಮಾತಾಡುತ್ತಲೇ ಸಾಹೇಬರು ಬರಿಗಾಲಿನಿಂದ ಮ್ಯಾಟಿನ ಕೆಳಗಿನದನ್ನು ಸ್ವಲ್ಪ ಸ್ವಲ್ಪವಾಗಿ ಮುಂದಕ್ಕೆ, ಯಾರ ಕಣ್ಣಿಗೂ ಬೀಳದಷ್ಟು ಆಳಕ್ಕೆ, ತಳ್ಳುತ್ತಿದ್ದರು. ಅಲ್ಲಿ ಕ್ಲಚ್ ಇತ್ತು. ಅವರು ಮುಚ್ಚಿಟ್ಟಷ್ಟೂ ಅದು ಗಟ್ಟಿಯಾಗುತ್ತಿತ್ತು. ಕೌದಿ ಒಂದು ಕಷ್ಟ, ಕಾರು ಇನ್ನೊಂದು ಕಷ್ಟ ಎಂದು ಪಾಪ ಅವರು ತಿಳಿದಿದ್ದರು.

ಫೋನ್ ಮೂರನೆಯ ಸಲ ರಿಂಗಾಯಿತು.

"ಎಲ್ಲಿದ್ದೀರಿ ಅಬ್ಬಾ?"

"ಅಫಜಲಪುರ ಬಂತ ನೋಡು," ಎಂದರು ಸಾಹೇಬರು. ದನಿಯಲ್ಲಿ ಹಿಂದಿನ ಹುರುಪು ಇರಲಿಲ್ಲ.

"ಚಲೋ ಆತು! ನಾನೂ ಅಫಜಲಪುರ ಬಸ್ ಸ್ಟ್ಯಾಂಡಿನ್ಯಾಗೇ ಇದ್ದೇನಿ. ಮಣ್ಣೂರ ಬಸ್ ತಪ್ಪೇದ. ನಿಮ್ಮ ಗಾಡ್ಯಾಗ ಬರ್ತೇನಿ, ಗೇಟಿನ ಮುಂದ ನಿಂತೇನಿ. ಬಿಳೇ ಗಾಡಿ ಒಂದ ಕಾಣಾಕತ್ತದ, ನಿಮ್ಮದ ಏನು? ಕೈ ಮಾಡ್ಲೇನು?"

ಸಾಹೇಬರು ಫೋನನ್ನು ನೋಡಿದರು. ನಮ್ಮನ್ನು ನೋಡಿದರು. "ಕೈ ಮಾಡಬ್ಯಾಡ," ಎಂದಷ್ಟೇ ಹೇಳಿ ಇಟ್ಟರು.

ಆಮೇಲೆ ಉಳಿದದ್ದು ದಬ್ಬುವುದೊಂದೇ. ದೇವೀಂದ್ರಪ್ಪ ಕಾಕಾ ಲುಂಗಿ ಎತ್ತಿ ಕಟ್ಟಿದರು. ಶಾಹಿದ, ಗಂಗುಬಾಯಿ, ಎದುರು ಕಿರಾಣಿ ಅಂಗಡಿಯವರು, ದಾರಿಯಲ್ಲಿ ಹೋಗುತ್ತಿದ್ದವರು, ಎಲ್ಲ ಹಿಂದೆ ಸೇರಿದರು. ಸಾಹೇಬರು ಗಡಿಬಿಡಿಯಲ್ಲಿ ತಮ್ಮದೇ ಕಾನೂನು ಮರೆತು ಬಾಗಿಲನ್ನು ದಢಾರನೆ ಎಳೆದುಕೊಂಡರು. "ಹೈಸಾ!" ಎಂದು ನೂಕಿದರೆ ಕಾರು ಹೋಗಿದ್ದು ನಮ್ಮ ಮನೆಯ ಕಟ್ಟೆಯವರೆಗೆ. ಅಲ್ಲಿ ಎರೆಮಣ್ಣು ಚಕ್ರವನ್ನು ಅಪ್ಪಿಕೊಂಡಿತು.

ಖಾಸೀಂಬಿ ಕಟ್ಟೆಯ ಮೇಲೆ ಕೂತಿದ್ದಳು. ತಾನು ಕೂತು ಹೊಲಿಯುತ್ತಿದ್ದ ಜಾಗ. ಕಾರು ಅವಳ ಮುಂದೆಯೇ ನಿಂತಿತು. ಚಾಲಕನ ಬಾಗಿಲಿನ ಕೆಳಗೆ, ಸಂದಿನಲ್ಲಿ ಸಿಕ್ಕಿಕೊಂಡು, ಕೆಸರಿನಲ್ಲಿ ಎಳೆದುಕೊಂಡು ಬಂದ ಒಂದು ಕೆಂಪು ತ್ರಿಕೋನ ನೇತಾಡುತ್ತಿತ್ತು.

ನಾನು ಅವಳನ್ನೇ ನೋಡುತ್ತಿದ್ದೆ. ಅವಳು ಕೂಗಲಿಲ್ಲ. ಇಳಿದಳು. ಒಳ್ಳೆಯ ಸೀರೆಯಲ್ಲಿ, ಬರಿಗಾಲಲ್ಲಿ, ಕೆಸರು ತುಳಿದು ಹೋಗಿ ಬಾಗಿಲು ತೆರೆದಳು.

"ಕಾಲ ಎತ್ರಿ."

"ಎದಕ್ಕ?"

"ಕಾಲ ಎತ್ರಿ."

ಸಾಹೇಬರು ಎರಡೂ ಕಾಲು ಎತ್ತಿದರು. ಸ್ಟೇರಿಂಗಿನ ಹಿಂದೆ ಮೊಣಕಾಲು ಗಲ್ಲಕ್ಕೆ ಹತ್ತಿಸಿಕೊಂಡು ಕೂತ ಆ ದೃಶ್ಯ ಕಂಡೂ ಓಣಿಯಲ್ಲಿ ಯಾರೂ ನಗಲಿಲ್ಲ. ಅವಳ ಮುಖ ಹಾಗಿತ್ತು. ಅವಳು ಮ್ಯಾಟು ತೆಗೆದು ಎಸೆದಳು. ಕೌದಿಯನ್ನು ಎರಡೂ ಕೈಯಿಂದ ಹಿಡಿದು, ತೊಟ್ಟಿಲಿನಿಂದ ಮಗು ಎತ್ತುವವಳಂತೆ ಮೆಲ್ಲಗೆ ಎಳೆದಳು. ಪೆಡಲಿನ ಹಿಂದೆ ಸಿಕ್ಕಿದ್ದ ಕೊನೆಯ ಮಡಿಕೆಯೂ ಹೊರಗೆ ಬಂತು.

ಸಾಹೇಬರಿಗೆ ಏನು ಮಾಡಬೇಕೋ ತಿಳಿಯಲಿಲ್ಲ. ಕಾಲು ಕೆಳಗೆ ಬಿಟ್ಟರು. ಎಡಗಾಲು ಕ್ಲಚ್ಚಿನ ಮೇಲೆ ಬಿತ್ತು. ಬಿದ್ದದ್ದು ನೆಲದವರೆಗೆ ಹೋಯಿತು. ಕೈಗೂ ಏನಾದರೂ ಕೆಲಸ ಬೇಕಲ್ಲ. ಅದು ತನ್ನಷ್ಟಕ್ಕೆ ಗುಂಡಿ ಅದುಮಿತು.

ಕಾರು ಚಾಲೂ ಆಯಿತು.

ಹಿಂದೆ ಹೋ ಎಂದು ಗದ್ದಲ. "ನಾ ಹೇಳಿರಲಿಲ್ಲ? ನೂಕಿದ ಕೂಡ್ಲೆ ಗಾಳಿ ಹೊರಗ ಬಂತು!" ಎಂದರು ದೇವೀಂದ್ರಪ್ಪ ಕಾಕಾ. "ಬ್ಯಾಟರಿ ತುದಿ ಉಜ್ಜಿದ್ದು ಈಗ ಹತ್ತಿತು," ಎಂದ ಶಾಹಿದ. ಗಂಗುಬಾಯಿ ಏನೂ ಹೇಳದೆ, ಗೆದ್ದವಳ ಗಾಂಭೀರ್ಯದಿಂದ, ಕೆಂಡದ ಮೇಲೆ ನೀರು ಹಾಕಲು ಹೋದಳು. ಖಾಸೀಂಬಿ ಒಂದು ಮಾತು ಆಡಿದ್ದರೆ ಆ ವೈಭವವೆಲ್ಲ ಕುಸಿಯುತ್ತಿತ್ತು. ಸಾಹೇಬರು ಆ ಮಾತಿಗಾಗಿ ತಲೆ ತಗ್ಗಿಸಿ ಕಾಯುತ್ತಿದ್ದರು. ಅವಳು ಆಡಲಿಲ್ಲ. ಕೌದಿ ಝಾಡಿಸಿ, ಮಡಚಿ, ಅಷ್ಟರಲ್ಲಿ ಹಿಂದಿನ ಸೀಟಿಗೆ ಹತ್ತಿದ್ದ ನನ್ನ ಪಕ್ಕ ಬಂದು ಕೂತಳು. ಕೆಸರುಗಾಲಿನಲ್ಲೇ ಕೂತಳು. ಸಾಹೇಬರು ಕನ್ನಡಿಯಲ್ಲಿ ಆ ಕಾಲನ್ನು ನೋಡಿದರು. ಸುಮ್ಮನೆ ಗೇರು ಹಾಕಿದರು. ಹಿಂದಿನವರು ಇನ್ನೊಮ್ಮೆ ನೂಕಿದ ಮೇಲೆ ಚಕ್ರ ಮಣ್ಣು ಬಿಟ್ಟಿತು.

ನಿಂಬರ್ಗಾ ಎರಡನೆಯ ಸಲ ದಾಟಿತು. ಅಫಜಲಪುರದಲ್ಲಿ ಬಿಸಿಲಿಗೆ ಕಪ್ಪಿಟ್ಟ ಮುಖದ ಜುಬೇರ ಹತ್ತಿ, ಅಪ್ಪನ ಮುಖ ನೋಡಿ, ಅಮ್ಮನ ಮುಖ ನೋಡಿ, ಕೇಳಬೇಕೆಂದಿದ್ದನ್ನು ನುಂಗಿಕೊಂಡ. ಮಣ್ಣೂರಿನವರೆಗೆ ಖಾಸೀಂಬಿ ಆ ಕೆಂಪು ಮೂಲೆಯನ್ನು ಉಗುರಿನಿಂದ ಕೆರೆಯುತ್ತಿದ್ದಳು. ಎರೆಮಣ್ಣು ಹಾಗೆಲ್ಲ ಬಿಡುವಂಥದ್ದಲ್ಲ.

ಮಣ್ಣೂರಿನಲ್ಲಿ ಬೀಗರು ಕಾರನ್ನು ನೋಡಲೇ ಇಲ್ಲ. ಹೊತ್ತಾಯಿತೆಂದು ಎಲ್ಲರೂ ಊಟದ ಗದ್ದಲದಲ್ಲಿದ್ದರು. ಕೌದಿಯನ್ನು ನೋಡಿದರು. ತೊಟ್ಟಿಲ ಸುತ್ತ ಹೆಂಗಸರು ನೆರೆದು ಒಂದೊಂದು ತುಣುಕಿನ ಮೇಲೂ ಬೆರಳಾಡಿಸಿದರು. ಗುಲನಾಜ ತನ್ನ ನೀಲಿ ದುಪಟ್ಟಾ ಗುರುತಿಸಿ ಬಾಯಿ ಮೇಲೆ ಕೈಯಿಟ್ಟುಕೊಂಡಳು. ಅವಳ ತಾಯಿ ಪೀರಬಿಯ ಕಣ್ಣು ಮಾತ್ರ ಮೂಲೆಗೆ ಹೋಯಿತು.

"ಇದೇನ್ರಿ ಬೀಗಿತೀ, ಈ ಮೂಲ್ಯಾಗ ಕರ್ರಗ ಹತ್ತೇದ?"

ಬಾಗಿಲಲ್ಲಿ ನಿಂತಿದ್ದ ಸಾಹೇಬರು ಚೌಕಟ್ಟು ಹಿಡಿದುಕೊಂಡರು.

"ಅದು ಕೂಸಿನ ದಾದಾಂದು," ಎಂದಳು ಖಾಸೀಂಬಿ. "ಎಲ್ಲಾರದೂ ಒಂದೊಂದ ತುಣುಕ ಇತ್ತು, ಅಜ್ಜಂದ ಒಂದ ಇರಲಿಲ್ಲ. ಇವತ್ತ ಮುಂಜಾನಿ ಹಚ್ಯಾರ."

ಹೆಂಗಸರು ಏನು ಅರ್ಥ ಮಾಡಿಕೊಂಡರೋ, ನಕ್ಕರು. ಕೂಸನ್ನು ಮಲಗಿಸಿದರು. ಸಾಹೇಬರು ನಗಲಿಲ್ಲ. ಊರಿನ ಗಂಡಸರೆಲ್ಲ ಉಂಡು ಎಲೆಅಡಿಕೆಗೆ ಕೂತ ಮೇಲೂ ಅವರು ತೊಟ್ಟಿಲ ಹತ್ತಿರ ನಿಂತು, ಬಗ್ಗಿ, ಮೊಮ್ಮಗನ ಕೆಳಗಿನದನ್ನು ನೋಡುತ್ತಿದ್ದರು. ಜೀವಮಾನದಲ್ಲಿ ಮೊದಲ ಸಲ ಮುಟ್ಟದೆ, ಹಿಂಡದೆ, ಬರೀ ನೋಡುತ್ತಿದ್ದರು.

ಜುಬೇರ ಅಲ್ಲೇ ಉಳಿದ. ಸಂಜೆ ನಾವು ಮೂವರು ಹಿಂದಿರುಗಿದೆವು. ಖಾಸೀಂಬಿ ಈ ಸಲ ಮುಂದೆ ಕೂತಿದ್ದಳು, ಆದರೆ ಕಿಟಕಿಯ ಕಡೆ ತಿರುಗಿ. ಎರಡೂ ಬದಿಗೆ ತೊಗರಿ ಹೊಲ. ಅಫಜಲಪುರ ದಾಟಿ ಬಹಳ ಹೊತ್ತಾದ ಮೇಲೆ ಸಾಹೇಬರು ರಸ್ತೆಯನ್ನೇ ನೋಡುತ್ತಾ ಕೇಳಿದರು.

"ಆ ಹಸರು… ನಿಮ್ಮ ಅಮ್ಮಾ ಆ ಸೀರಿ ಯಾವಾಗ ಉಡ್ತಿದ್ದರು?"

ನಾನು ನಿದ್ದೆ ಬಂದವಳಂತೆ ತಲೆ ಹಿಂದಕ್ಕೆ ಚೆಲ್ಲಿದೆ. ಹಿಂದಿನ ಸೀಟಿನಲ್ಲಿ ಕೂತವರಿಗೆ ಇರುವ ಸಭ್ಯತೆ ಅದೊಂದೇ.

"ಈದಿಗೆ," ಎಂದಳು ಕೊನೆಗೆ. "ಈದಿಗೆ ಒಮ್ಮೆ. ಆಮ್ಯಾಲ ನನ್ನ ನೋಡಾಕ ನೀವು ಬಂದಾಗ ಒಮ್ಮೆ. ಚಹಾ ಕೊಟ್ಟಾಕಿ ಅಮ್ಮಾನ ಇದ್ಲು. ನೀವು ಚಹಾದ ಕಪ್ಪ ನೋಡಿದ್ರಿ, ಸೀರಿ ನೋಡ್ಲಿಲ್ಲ."

ಸಾಹೇಬರು ಅವಳ ಕಡೆ ತಿರುಗಿದರು. ಕಾಲುಗಳ ನೆನಪು ಅವರಿಗೆ ಪೂರ್ತಿ ಹೋಗಿರಬೇಕು. ಕಾರು ಎರಡು ಸಲ ಮುಗ್ಗರಿಸಿ, ರಸ್ತೆಯ ಅಂಚಿನಲ್ಲಿ ನಿಂತುಬಿಟ್ಟಿತು. ಪಕ್ಕದ ಕಲ್ಲಿನ ಮೇಲೆ ನಿಂಬರ್ಗಾ ಎಂದು ಬರೆದಿತ್ತು.

ಸಾಹೇಬರು ಗುಂಡಿಗೆ ಕೈ ಹಾಕಲಿಲ್ಲ. "ಮತ್ತ ಆ ಹಳದಿ?" ಎಂದರು. "ಹಿಂದ ಮಲಗ್ಯಾರಲ್ಲ, ಅಕ್ಕೋರದು," ಎಂದು ಅವಳು ಶುರುಮಾಡಿದಳು.

ಫೋನ್ ರಿಂಗಾಯಿತು.

"ಅಬ್ಬಾ, ಎಲ್ಲಿದ್ದೀರಿ?"

"ನಿಂಬರ್ಗಾದಾಗ ನಿಂತೇವಿ."

"ನಿಂಬರ್ಗಾ ಅಂತ!" ಜುಬೇರನ ನಗು ಹಿಂದಿನ ಸೀಟಿಗೂ ಕೇಳಿಸಿತು. "ಸುಳ್ಳ ಸಾಕ ಮಾಡ್ರಿ ಅಬ್ಬಾ. ಮನಿ ಮುಟ್ಟಿ ಚಹಾ ಕುಡ್ಯಾಕತ್ತೀರಿ, ಹೌದಲ್ಲ?"

ಬೆಳಗಿನಿಂದ ಸಾಹೇಬರು ಆಡಿದ ಮೊದಲ ನಿಜಕ್ಕೆ ಸಾಕ್ಷಿ ಬೇಕಾಗಿತ್ತು. ಖಾಸೀಂಬಿ ಕೈ ಚಾಚಿ ಫೋನ್ ತೆಗೆದುಕೊಂಡಳು.

"ಖರೇನ ನಿಂತೇವಿ ಬೇಟಾ. ಗಾಡಿ ಏನೂ ಕೆಟ್ಟಿಲ್ಲ. ನಿಮ್ಮ ಅಬ್ಬಾ ನಾ ಹೇಳೂದ ಕೇಳಾಕತ್ತಾರ."

ಆಚೆ ಜುಬೇರ ಮೊದಲಿಗಿಂತ ಜೋರಾಗಿ ನಕ್ಕ. ನಿಂಬರ್ಗಾದ ಮಾತನ್ನಾದರೂ ಹುಡುಗ ನಂಬುತ್ತಿದ್ದನೇನೋ, ಅಪ್ಪ ಕೇಳುತ್ತಾರೆ ಎಂಬುದನ್ನಲ್ಲ.